ಮೊದಲು ಒಂದು ಬೇಸಿಗೆ ನನ್ನ ಜೊತೆ ನಡಿ

ಪ್ರೀತಿಯ ಅಳಿಯನಿಗೆ,

ಕಾಗದ ಬಂತು. ವಿಳಾಸದಲ್ಲಿ ನೀನಿನ್ನೂ ಅನಂತಪುರ ಜಿಲ್ಲೆ ಅಂತಲೇ ಬರೆಯುತ್ತೀಯ. 2022ರಲ್ಲೇ ನಾವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು. ಇರಲಿ, ಕಾಗದ ದಾರಿ ತಪ್ಪಲಿಲ್ಲ.

ಬೆಂಗಳೂರಿನ ಕೆಲಸ ಬಿಟ್ಟು ರೊಳ್ಳಕ್ಕೆ ಬರ್ತೀನಿ, ನೂರು ಕುರಿ ಸಾಕಿ ಕಂಬಳಿ ನೇಯಿಸಿ ಮಾರ್ತೀನಿ ಅಂತ ಬರೆದಿದ್ದೀಯ. ನಿನ್ನಮ್ಮ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ನಾನು ಬೇಡ ಅನ್ನುವುದಿಲ್ಲ. ಆದರೆ ನೂರು ಕುರಿ ಈಗಲೇ ಬೇಡ. ಮೊದಲು ಒಂದು ಬೇಸಿಗೆ ನನ್ನ ಮಂದೆ ಹಿಂದೆ ನಡಿ.

ನಮ್ಮ ಗುಡ್ಡವನ್ನು ನೀನು ನೋಡಿರುವುದು ದಸರಾ ರಜೆಯಲ್ಲಿ. ಆಗ ಎಲ್ಲಿ ನೋಡಿದರೂ ಹಸಿರು, ಫೋಟೋಗೆ ಚೆನ್ನ. ಯುಗಾದಿಗೆ ಬಂದು ನೋಡು. ಹೊಂಗೆ ಚಿಗುರಿರುತ್ತದೆ, ಬೇವು ಹೂ ಬಿಟ್ಟಿರುತ್ತದೆ, ನೆಲದಲ್ಲಿ ಮಾತ್ರ ಒಂದು ಎಸಳು ಹುಲ್ಲಿರುವುದಿಲ್ಲ. ನಮ್ಮ ಕಡೆ ವಸಂತ ಮರಕ್ಕೆ ಬರುತ್ತದೆ, ನೆಲಕ್ಕೆ ಬರುವುದಿಲ್ಲ. ಕುರಿ ಉದುರಿದ ಎಲೆ, ಜಾಲಿಕಾಯಿ ಹುಡುಕಿಕೊಂಡು ದಿನವೆಲ್ಲ ನಡೆಯುತ್ತದೆ. ಅದರ ಹಿಂದೆ ನೀನೂ ನಡೆಯಬೇಕು. ಹೇಮಾವತಿ ಕಡೆ ಹೋಗುವಾಗ ನೊಳಂಬ ಅರಸರ ಕಾಲದ ಗುಡಿ ತೋರಿಸುತ್ತೇನೆ. ಆಗ ಆ ಊರಿನ ಹೆಸರು ಹೆಂಜೇರು, ಅವರ ರಾಜಧಾನಿ. ನನಗೆ ಅಲ್ಲಿ ಇಷ್ಟವಾಗುವುದು ಮಧ್ಯಾಹ್ನದ ನೆರಳು.

ಕಣ್ಣು ಯಾವಾಗಲೂ ಮಂದೆಯ ಬಾಲದ ಕಡೆ ಇರಲಿ. ಇದನ್ನು ನಾನು ಕಲಿತದ್ದು ಎರಡು ಮರಿ ಕಳೆದುಕೊಂಡ ಮೇಲೆ. ಹೊಂಗೆ ನೆರಳಲ್ಲಿ ಸುಮ್ನೆ ಒಂದು ಗಳಿಗೆ ಕಣ್ಣು ಮುಚ್ಚಿದ್ದೆ. ನಾಯಿ ಬೊಗಳಿತು, ಎದ್ದೆ. ಎದುರಿನ ದಿಬ್ಬದ ಮೇಲೆ ತೋಳ, ಓಡುತ್ತಲೂ ಇಲ್ಲ, ಹತ್ತಿರ ಬರುತ್ತಲೂ ಇಲ್ಲ. ನಾನೂ ನಾಯಿಗಳೂ ಅದರ ಹಿಂದೆ ಬಿದ್ದೆವು. ಹಿಂದಿನ ಹಳ್ಳದಿಂದ ಇನ್ನೊಂದು ಬಂದು ಕೆಲಸ ಮುಗಿಸಿತ್ತು. ಸಿಟ್ಟಿಗೆ ಯಾರೋ ಸತ್ತ ಕುರಿಗೆ ವಿಷ ಸವರು ಅಂದರು. ನಮ್ಮಪ್ಪ ಬಿಡಲಿಲ್ಲ. ತೋಳ ತಿನ್ನುವ ಮೊದಲು ನಿನ್ನ ನಾಯಿಯೇ ತಿಂದೀತು ಅಂದರು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ತೋಳವನ್ನು ಕೊಲ್ಲುವುದು ಅಪರಾಧವೂ ಹೌದು. ಕರಡಿಯದು ಬೇರೆ ಲೆಕ್ಕ. ಅದಕ್ಕೆ ಕುರಿ ಬೇಡ, ಗೆದ್ದಲು, ಜೇನು, ಹಣ್ಣು ಸಾಕು. ಆದರೆ ಬಂಡೆ ಸಂದಿಯಲ್ಲಿ ದಿಢೀರನೆ ಎದುರಾದರೆ ಮುಖಕ್ಕೇ ಕೈ ಹಾಕುತ್ತದೆ. ಆ ಕಡೆ ಹೋಗುವಾಗ ಜೋರಾಗಿ ಮಾತಾಡಿಕೊಂಡು ಹೋಗು. ಹಾಡಿದರೂ ಸರಿ, ನಿನ್ನ ದನಿಗೆ ಕರಡಿ ಖಂಡಿತ ಓಡುತ್ತದೆ.

ಈಗ ಕಂಬಳಿ ವಿಷಯ. ಈ ಕಡೆ ಈಗ ಜಾಸ್ತಿ ಜನ ಸಾಕುವುದು ನೆಲ್ಲೂರು ಕುರಿ. ಎತ್ತರ, ತೂಕ ಬರುತ್ತದೆ, ಸಂತೆಯಲ್ಲಿ ನಿಲ್ಲುವುದೇ ಇಲ್ಲ. ಆದರೆ ಅದರ ಮೈಮೇಲೆ ಇರುವುದು ಬರೀ ಕೂದಲು, ಉಣ್ಣೆ ಅಲ್ಲ. ನೀನು ಕಳಿಸಿದ ಚಿತ್ರದಲ್ಲಿರುವುದೂ ಅದೇ. ಅದನ್ನು ಕೊಂಡು ಕಂಬಳಿ ಕನಸು ಕಂಡರೆ ಹೇಗಪ್ಪಾ? ಕಂಬಳಿ ಬೇಕಾದರೆ ಕರಿ ಡೆಕ್ಕನಿ ಕುರಿಯೋ ಬಳ್ಳಾರಿ ಕುರಿಯೋ ಬೇಕು. ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತೇವೆ. ಉಣ್ಣೆ ಮಾರಿದ ದುಡ್ಡು ಕತ್ತರಿಸಿದ ಕೂಲಿಗೇ ಸಾಲದ ವರ್ಷಗಳೂ ಇವೆ. ಹೊಟ್ಟೆ ತುಂಬಿಸುವುದು ಮರಿ ಮತ್ತು ಗೊಬ್ಬರ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತ ಕಾಳೋ ಕಾಸೋ ಕೊಡುತ್ತಾನೆ.

ನೇಯ್ಗೆ ಕಲಿಯಬೇಕು ಅಂದರೆ ಅದಕ್ಕೂ ಈ ಕಾಲವೇ ಸರಿ. ಹುಣಸೆ ಬಡಿಯುವುದು ಈಗಲೇ ಅಲ್ವಾ? ಹಣ್ಣು ಮಾರಿ ಬೀಜ ಇಟ್ಟುಕೊಳ್ಳುತ್ತೇವೆ. ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಗಂಜಿ ಕಾಯಿಸಿ ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದಕ್ಕೆ ಕಟ್ಟುವ ನೂಲಿಗೆ, ಕುಂಚದಲ್ಲಿ ಬಳಿಯುತ್ತೇವೆ. ಬಿಸಿಲಿಗೆ ಬೇಗ ಒಣಗುತ್ತದೆ. ಗಂಜಿ ತೆಳುವಾದರೆ ಗುಂಡಿ ಮಗ್ಗದಲ್ಲಿ ನೂಲು ಪಟಪಟ ಹರಿಯುತ್ತದೆ, ದಪ್ಪವಾದರೆ ಕಂಬಳಿ ಹಲಗೆಯಾಗುತ್ತದೆ. ಹದ ಬೇಕಾದರೆ ನಿನ್ನ ಅತ್ತೆಯನ್ನು ಕೇಳು. ಅವಳು ಬೆರಳು ಅದ್ದಿ ಹೇಳುತ್ತಾಳೆ, ನನಗೆ ಇವತ್ತಿಗೂ ಬರುವುದಿಲ್ಲ. ಒಂದು ಕಂಬಳಿಯನ್ನು ನೀನೇ ನೇಯ್ದ ಮೇಲೆ ಅದರ ಬೆಲೆ ಮಾತಾಡೋಣ. ಮದುವೆ ಗದ್ದಿಗೆಗೆ, ಬೀರಪ್ಪನ ಗುಡಿಗೆ ಅಂತ ಕೇಳುವವರು ಇನ್ನೂ ಇದ್ದಾರೆ.

ಅಶ್ವಿನಿ ಮಳೆಗೆ ಮುಂಚೆ ಬಂದುಬಿಡು. ಮೊದಲ ಮಳೆ ಆದಮೇಲೆ ಕಷ್ಟ ಮುಗಿಯಿತು ಅಂತ ಹೊಸಬರು ಕುಣಿಯುತ್ತಾರೆ. ಹಸಿದ ಕುರಿ ಎಳೆ ಹುಲ್ಲಿಗೆ ಬಾಯಿ ಹಾಕಿ ಕರುಳು ಬೇನೆಯಲ್ಲಿ ರಾತ್ರೋರಾತ್ರಿ ಸಾಯುವುದು ಆಗಲೇ. ಲಸಿಕೆ ಮೊದಲೇ ಹಾಕಿಸಿರಬೇಕು. ಕೊಯ್ದ ಜೋಳದ ಕೂಳೆ ಮತ್ತೆ ಚಿಗುರಿದ ಹೊಲದ ಹತ್ತಿರವಂತೂ ಹೋಗಲೇ ಕೂಡದು, ಆ ಎಳೆ ಚಿಗುರು ವಿಷ.

ಆ ಬಿಳಿ ಶೂ ತರಬೇಡ, ಜಾಲಿಮುಳ್ಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಮಡಕಶಿರಾದಲ್ಲಿ ಟೈರಿನ ಚಪ್ಪಲಿ ಕೊಡಿಸುತ್ತೇನೆ. ಮುಳ್ಳು ತೆಗೆಯುವ ಚಿಮಟ ನನ್ನ ಉಡಿದಾರದಲ್ಲೇ ಇದೆ.

ಇಂತಿ,
ನಿನ್ನ ಮಾವ