ಸ್ಪ್ರಿಂಗ್ ವೈಸ್ ವಾಪಸ್ ತೆಗೆದುಕೊಳ್ಳದ ಬಗ್ಗೆ ದೂರು

ಇವರಿಗೆ,
ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಗಳು

ವಿಷಯ: ಚಕಮಕಿ ಕೋವಿಯ ಲಾಕ್‌ಗೆ (ಮದ್ದಿಗೆ ಬೆಂಕಿ ಕೊಡುವ ಯಂತ್ರಕ್ಕೆ) ಎಂದು ನೀವು ಮಾರಿದ ಸ್ಪ್ರಿಂಗ್ ವೈಸ್ (ಅದರ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕೈ ಉಪಕರಣ), ಅದರಿಂದ ಆದ ನಷ್ಟ ಮತ್ತು ನಿಮ್ಮವರು ನನ್ನ ಜೊತೆ ಮಾತಾಡಿದ ರೀತಿ

ಮಾನ್ಯರೇ,

ಫೋನ್ ಮಾಡಿದೆ, ಮೇಲ್ ಬರೆದೆ, ಫೋಟೊ ಕಳಿಸಿದೆ. ಪ್ರತಿ ಸಲವೂ ಸ್ವಲ್ಪ ಸಮಯ ಕೊಡಿ ಎಂದಿರಿ, ಕೊಟ್ಟೆ. ನಿನ್ನೆ ನಿಮ್ಮಿಂದ ಮೆಸೇಜ್ ಬಂತು: ‘ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಐದು ಸ್ಟಾರ್ ಕೊಡಿ.’ ಏನು ಬಗೆಹರಿದಿದೆ? ವೈಸ್ ನನ್ನ ಬೆಂಚಿನ ಮೇಲೇ ಇದೆ. ದುಡ್ಡು ನಿಮ್ಮ ಹತ್ತಿರವೇ ಇದೆ. ಮುರಿದ ಸ್ಪ್ರಿಂಗ್ ಡಬ್ಬಿಯಲ್ಲಿದೆ. ಅದಕ್ಕೇ ಈ ಪತ್ರ.

ನಾನು ಶಿರಸಿಯಲ್ಲಿ ಕೋವಿ ರಿಪೇರಿ ಮಾಡುವವನು. ಲೈಸೆನ್ಸ್ ಇದೆ, ಅಪ್ಪನಿಂದ ಕಲಿತ ಕೆಲಸ. ಘಟ್ಟದ ಮೇಲಿನ ತೋಟದವರಿಗೆ ಹಂದಿ, ಮಂಗ ಓಡಿಸಲು ಬೆಳೆ ರಕ್ಷಣೆಯ ಕೋವಿ ಇರುತ್ತದೆ. ಹೆಚ್ಚಿನವು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳು. ಬಡಿದರೆ ಸಿಡಿದು ಮದ್ದಿಗೆ ಬೆಂಕಿ ಹತ್ತಿಸುವ ಪುಟ್ಟ ಲೋಹದ ಟೋಪಿಯೇ ಕೇಪು. ಚುನಾವಣೆ ಬಂದಾಗ ಠಾಣೆಯಲ್ಲಿಟ್ಟು ಬರಬೇಕು. ವಾಪಸ್ ಬರುವಷ್ಟರಲ್ಲಿ ಲಾಕ್ ತುಕ್ಕು ಹಿಡಿದು ಬಿಗಿದಿರುತ್ತದೆ. ಕಾರವಾರ, ಅಂಕೋಲಾ ಕಡೆಯದಾದರೆ ಉಪ್ಪುಗಾಳಿಗೆ ಇನ್ನೂ ಬೇಗ. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ, ಸರಿಯಾಗಿ ತೊಳೆಯದಿದ್ದರೆ ಉಕ್ಕನ್ನು ತಿನ್ನುತ್ತದೆ. ಹಾಗಾಗಿ ಲಾಕ್ ಬಿಚ್ಚಲೇಬೇಕು. ಬಿಚ್ಚಲು ಸ್ಪ್ರಿಂಗ್ ವೈಸ್ ಬೇಕೇ ಬೇಕು.

ಅಪ್ಪನ ವೈಸಿನ ಸ್ಕ್ರೂ ಸವೆದಿತ್ತು. ನಿಮ್ಮ ವೆಬ್ ಪುಟದಲ್ಲಿ ‘ಎಲ್ಲಾ ಫ್ಲಿಂಟ್‌ಲಾಕ್ ಮತ್ತು ಕೇಪಿನ ಲಾಕ್‌ಗಳಿಗೆ ಹೊಂದುತ್ತದೆ, ಗಟ್ಟಿ ಉಕ್ಕು’ ಎಂದಿತ್ತು. ಫ್ಲಿಂಟ್‌ಲಾಕ್ ಎಂದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುವ ಲಾಕ್. ರೂ. 2,850 ಕೊಟ್ಟು ತರಿಸಿದೆ.

ಈ ಉಪಕರಣ ಏನು ಮಾಡಬೇಕು ಎಂದು ಮಾರುವ ನಿಮಗೆ ಗೊತ್ತಿರಬೇಕು. ಆದರೂ ಬರೆಯುತ್ತೇನೆ. ಲಾಕಿನ ದೊಡ್ಡ ಸ್ಪ್ರಿಂಗ್ ಚಿಮಟದ ಹಾಗೆ ಮಡಚಿದ ಉಕ್ಕಿನ ಪಟ್ಟಿ. ಕುದುರೆಯನ್ನು, ಎಂದರೆ ಬಡಿಯುವ ಸುತ್ತಿಗೆಯನ್ನು, ಪೂರ್ತಿ ಹಿಂದಕ್ಕೆ ಎಳೆದಾಗ ಅದರ ಎರಡು ಎಲೆಗಳೂ ಹತ್ತಿರ ಬರುತ್ತವೆ. ಆಗ ವೈಸ್ ಹಾಕಿ, ಬರೀ ತಾಗುವಷ್ಟು ಬಿಗಿಯಬೇಕು. ಅದಕ್ಕಿಂತ ಜಾಸ್ತಿ ಒತ್ತಿದರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಆಮೇಲೆ ಕುದುರೆಯನ್ನು ಹಿಡಿದುಕೊಂಡೇ ಮೆಲ್ಲಗೆ ಮುಂದಕ್ಕೆ ಬಿಡಬೇಕು. ಸ್ಪ್ರಿಂಗಿನ ಬಲ ಪೂರ್ತಿ ವೈಸಿನಲ್ಲೇ ಉಳಿಯುತ್ತದೆ. ಆಗ ಅದನ್ನು ಲಾಕಿನ ಪ್ಲೇಟಿನಿಂದ ಎತ್ತಿ ತೆಗೆಯಬಹುದು. ಇಕ್ಕಳದಲ್ಲಿ ಹಿಡಿಯಬಾರದು. ಗೀರು ಬಿದ್ದಲ್ಲಿಂದಲೇ ನಾಳೆ ಮುರಿಯುತ್ತದೆ.

ಇದಕ್ಕೆಲ್ಲ ವೈಸಿನ ಕೆಳತುಟಿ ತೆಳ್ಳಗಿರಬೇಕು, ಇಲ್ಲದಿದ್ದರೆ ಸ್ಪ್ರಿಂಗಿನ ಅಡಿಗೆ ಹೋಗುವುದೇ ಇಲ್ಲ. ಬಾಯಿ ಹಳೇ ದೊಡ್ಡ ಲಾಕಿನ ಸ್ಪ್ರಿಂಗ್ ಹಿಡಿಯುವಷ್ಟು ತೆರೆಯಬೇಕು. ಚಕಮಕಿ ಕೋವಿಯಲ್ಲಾದರೆ ಹೊರಗಡೆ ಇನ್ನೊಂದು ಚಿಕ್ಕ ಸ್ಪ್ರಿಂಗ್ ಇದೆ, ಕಲ್ಲು ಬಡಿಯುವ ಉಕ್ಕಿನ ಮುಚ್ಚಳವನ್ನು ಹಿಡಿದಿಡುವುದು. ಅದಕ್ಕೂ ಹೊಂದುವಷ್ಟು ಮುಚ್ಚಬೇಕು. ಎಲ್ಲಕ್ಕಿಂತ ಮುಖ್ಯ, ಬಿಗಿಯುವಾಗ ಮೇಲಿನ ತುಟಿ ವಾಲಬಾರದು.

ನಿಮ್ಮ ವೈಸಿನ ಕೆಳತುಟಿ ದಪ್ಪ, ಅರ ಹಾಕಿ ತೆಳ್ಳಗೆ ಮಾಡಬೇಕಾಯಿತು. ಅರ ಬೆಣ್ಣೆಗೆ ಇಳಿದಂತೆ ಇಳಿಯಿತು. ಅದು ನೀವು ಬರೆದ ಗಟ್ಟಿ ಉಕ್ಕು. ಸ್ಕ್ರೂ ಅದರ ತೂತಿನಲ್ಲೇ ಅಲ್ಲಾಡುತ್ತದೆ. ಬಿಗಿದಂತೆಲ್ಲ ಮೇಲಿನ ತುಟಿ ಒಂದು ಪಕ್ಕಕ್ಕೆ ವಾಲುತ್ತದೆ. ಸಿದ್ದಾಪುರ ಕಡೆಯ ಹಿರಿಯರೊಬ್ಬರ ಚಕಮಕಿ ಕೋವಿಯ ಲಾಕ್ ಬಿಚ್ಚುತ್ತಿದ್ದೆ. ಕುದುರೆ ಮುಂದೆ ಬಂದು ಬಲವೆಲ್ಲ ವೈಸಿನ ಮೇಲೆ ಬಿತ್ತು. ಸ್ಪ್ರಿಂಗ್ ತಿರುಚಿಕೊಂಡು ಚಿಮ್ಮಿತು. ಪ್ಲೇಟಿನ ತೂತಿಗೆ ಕೂರುವ ಅದರ ಗುಬ್ಬಿ ಮುರಿಯಿತು. ಕಣ್ಣಿಗೆ ಕನ್ನಡಕ ಇತ್ತು, ಅಷ್ಟೇ ಪುಣ್ಯ.

ಅದು ಅವರ ಮುತ್ತಜ್ಜನ ಕಾಲದ ಕೋವಿ. ಬ್ರಿಟಿಷ್ ಸೇನೆ 1840ರ ಆಸುಪಾಸಿನಲ್ಲಿ ಚಕಮಕಿ ಬಿಟ್ಟು ಕೇಪಿಗೆ ಬಂತು. ಆಮೇಲೆ ಹಳೇ ಕೋವಿಗಳನ್ನು ಎಷ್ಟೋ ಕಡೆ ಕೇಪಿಗೆ ಬದಲಾಯಿಸಿಬಿಟ್ಟರು. ಇದನ್ನು ಯಾರೂ ಮುಟ್ಟಿರಲಿಲ್ಲ. ಇದರ ಸ್ಪ್ರಿಂಗ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸ್ಪ್ರಿಂಗ್ ಉಕ್ಕಿನ ಪಟ್ಟಿ ಕಾಯಿಸಿ, ಮಡಚಿ, ಅರ ಹಾಕಿ, ಮತ್ತೆ ಕಾಯಿಸಿ ಅದ್ದಿ ಗಟ್ಟಿ ಮಾಡಿ (ಅದೇ ನೀರು ಕುಡಿಸುವುದು), ಮೇಲೆ ಎಣ್ಣೆ ಸುಟ್ಟು ಹದಕ್ಕೆ ತರಬೇಕು. ಹದ ತಪ್ಪಿದರೆ ಮೊದಲ ಎಳೆತಕ್ಕೇ ಹೋಗುತ್ತದೆ.

ಅವತ್ತು ಆ ಹಿರಿಯರು ಅಂಗಡಿಯಲ್ಲೇ ಕೂತಿದ್ದರು. ನನ್ನ ಕೈ ಎಣ್ಣೆಯಾಗಿತ್ತು. ಫೋನನ್ನು ಸ್ಪೀಕರ್‌ಗೆ ಹಾಕಿ ನಿಮಗೆ ಕರೆ ಮಾಡಿದೆ. ಆದ ಮಾತು ಇದು. ನಿಮ್ಮಲ್ಲಿ ರೆಕಾರ್ಡ್ ಇದೆ, ಕೇಳಿ ನೋಡಿ.

“ಯಾವ ಲಾಕ್ ಸರ್? ಡೋರ್ ಲಾಕಾ?”

“ಅಲ್ಲಮ್ಮಾ, ಕೋವಿಯ ಲಾಕ್. ಹಳೇ ಚಕಮಕಿ ಕೋವಿ.”

“ಹೋಲ್ಡ್ ಮಾಡಿ ಸರ್.”

ತುಂಬಾ ಹೊತ್ತು ಸಂಗೀತ ಬಂತು. ಆಮೇಲೆ ಅವರ ಮೇಲಿನವರು ಬಂದರು.

“ಗನ್ ಇಟ್ಕೊಂಡಿದೀರಾ? ಪರ್ಮಿಷನ್ ಇದೆಯಾ?”

“ಇದೆ ಸರ್. ರಿಪೇರಿ ಲೈಸೆನ್ಸ್. ಬಿಲ್ ಕೂಡ ಅಂಗಡಿ ಹೆಸರಲ್ಲೇ ಇದೆ.”

“ನಂಬರ್ ಹೇಳಿ.”

ಹೇಳಿದೆ. ಎರಡನೇ ಸಲ ಕೇಳಿದರು, ಮತ್ತೆ ಹೇಳಿದೆ.

“ನಮ್ಮ ಸಿಸ್ಟಮ್‌ನಲ್ಲಿ ಬರ್ತಾ ಇಲ್ಲ.”

“ಅದು ನಿಮ್ಮ ಸಿಸ್ಟಮ್‌ನಲ್ಲಿ ಯಾಕೆ ಬರುತ್ತದೆ ಸರ್? ನಾನು ವಾಪಸ್ ಕೊಡುತ್ತಿರುವುದು ವೈಸ್.”

“ಸರ್, ನಿಮಗೆ ಅದನ್ನ ಯೂಸ್ ಮಾಡೋಕೆ ಬರುತ್ತಾ? ವಿಡಿಯೋ ನೋಡಿ ಟ್ರೈ ಮಾಡಿದ್ರಾ?”

ಅಪ್ಪನ ಕಾಲದಿಂದ ಇದೇ ಕೆಲಸ ಎಂದೆ.

“ವಯಸ್ಸೆಷ್ಟು ನಿಮಗೆ?”

“ಐವತ್ತೆಂಟು.”

“ಕೈ ನಡುಗಿರಬಹುದು, ಅಲ್ವಾ?”

ನನ್ನ ಬಾಯಿಂದ ಮಾತೇ ಬರಲಿಲ್ಲ. ಆ ಹಿರಿಯರು ಮೆಲ್ಲಗೆ, “ಬಿಡಾ ತಮಾ, ಅಂವಗೆ ಗೊತ್ತಿಲ್ಲೆ” ಎಂದರು. ಅದು ಫೋನಿಗೆ ಕೇಳಿಸಿತು.

“ಪಕ್ಕದಲ್ಲಿ ಯಾರು? ರೆಕಾರ್ಡ್ ಮಾಡ್ತಿದೀರಾ? ಹಾಗಾದ್ರೆ ನಾವು ಪೊಲೀಸ್‌ಗೆ ಇನ್‌ಫಾರ್ಮ್ ಮಾಡ್ಬೇಕಾಗುತ್ತೆ.” ಇಷ್ಟು ಹೇಳಿ ಕಟ್ ಮಾಡಿದರು.

ಪೊಲೀಸರಿಗೆ ಹೇಳಿ. ಖಂಡಿತ ಹೇಳಿ. ಠಾಣೆಯಲ್ಲಿ ನನ್ನ ಹೆಸರು ಎಲ್ಲರಿಗೂ ಗೊತ್ತು. ಆದರೆ ನನ್ನ ಮೇಲೆ ನಂಬಿಕೆ ಇಟ್ಟು ಮನೆಯ ಹಳೇ ವಸ್ತು ತಂದುಕೊಟ್ಟವರ ಎದುರು ನನ್ನ ಕೈ ನಡುಗುತ್ತದೆ ಎಂದಿರಲ್ಲ, ಅದನ್ನು ನಾನು ಮರೆಯುವವನಲ್ಲ.

ಆಮೇಲೆ ಬಂದ ಮೇಲ್‌ನಲ್ಲಿ ‘ಆಯುಧದ ಬಿಡಿಭಾಗ, ವಾಪಸಿಲ್ಲ’ ಎಂದು ಬರೆದಿರಿ. ವೈಸ್ ಕೋವಿಯ ಭಾಗವಲ್ಲ, ಕೈ ಉಪಕರಣ. ನೀವೇ ಅದನ್ನು ‘ಹ್ಯಾಂಡ್ ಟೂಲ್ಸ್’ ಗುಂಪಿನಲ್ಲಿ ಮಾರುತ್ತಿದ್ದೀರಿ. ಆ ಗುಂಪಿಗೆ ನಿಮ್ಮ ವಾಪಸಾತಿ ನಿಯಮ ಏನು ಹೇಳುತ್ತದೆ ಎಂದು ನಿಮಗೆ ಗೊತ್ತೇ ಇದೆ. ಅರ ಹಾಕಿದ್ದಕ್ಕೆ ವಾಪಸಿಲ್ಲ ಎಂದೂ ಈಗ ಹೇಳಬೇಡಿ. ಹೊಂದುತ್ತದೆ ಎಂದು ಬರೆದದ್ದು ನೀವು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷ ಇರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ಮಾಲನ್ನು ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬಗೆಹರಿಸುವುದು ಎಂದರೆ ಮೆಸೇಜ್ ಕಳಿಸುವುದಲ್ಲ.

ವೈಸಿನ ದುಡ್ಡು ಕೊಡಿ. ಸ್ಪ್ರಿಂಗ್ ಹೊಸದಾಗಿ ಮಾಡುವ ಖರ್ಚು ಕೊಡಿ. ಬಾಯಿ ಎಷ್ಟು ತೆರೆಯುತ್ತದೆ, ತುಟಿ ಎಷ್ಟು ದಪ್ಪ ಎಂದು ಪುಟದಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಹಾಕಿ, ‘ಎಲ್ಲಾ ಲಾಕ್‌ಗಳಿಗೆ’ ಎನ್ನುವುದನ್ನು ತೆಗೆಯಿರಿ. ಮತ್ತು ಫೋನಿನಲ್ಲಿ ಮಾತಾಡಿದವರು ನನಗಲ್ಲ, ಆ ಹಿರಿಯರಿಗೆ ಕ್ಷಮೆ ಕೇಳಲಿ.

ನಿಜ ಹೇಳಬೇಕೆಂದರೆ, ನೀವು ಇದನ್ನು ಮಾಡುತ್ತೀರಿ ಎಂಬ ಭರವಸೆ ನನಗೆ ಉಳಿದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿಯನ್ನೂ ಬರೆದಿಟ್ಟಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾನು ಬೆಂಗಳೂರಿಗೆ ಬರಬೇಕಾಗಿಲ್ಲ, ನೀವು ಘಟ್ಟ ಇಳಿದು ಬರಬೇಕು. ವೈಸ್, ಮುರಿದ ಸ್ಪ್ರಿಂಗ್, ನಿಮ್ಮ ಪುಟದ ಪ್ರಿಂಟ್, ಎಲ್ಲವನ್ನೂ ಅಲ್ಲಿ ಮೇಜಿನ ಮೇಲೆ ಇಡುತ್ತೇನೆ. ಆ ಫೋನಿನ ರೆಕಾರ್ಡ್ ಅಳಿಸಬೇಡಿ. ಅದನ್ನು ಆಯೋಗದ ಮುಂದೆ ಹಾಜರು ಮಾಡಿಸಲು ಅರ್ಜಿಯಲ್ಲೇ ಕೇಳಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಶಿರಸಿ, ಉತ್ತರ ಕನ್ನಡ