ಕಿವಿಗೆ ಬಿದ್ದದ್ದು ವಿಡಿಯೊದಲ್ಲಿ ಕಾಣುವುದಿಲ್ಲ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರೇ, ನಮಸ್ಕಾರ.

ನಾನು ನರ್ಸಿಂಗ್ ಟ್ಯೂಟರ್. ಹದಿನಾರು ವರ್ಷದಿಂದ ಬಿಎಸ್ಸಿ ನರ್ಸಿಂಗ್ ಮಕ್ಕಳಿಗೆ ಬೊಂಬೆಗಳ ಮೇಲೆ ಅಭ್ಯಾಸ ಮಾಡಿಸುವ ಸ್ಕಿಲ್ ಲ್ಯಾಬ್‌ನಲ್ಲೂ ವಾರ್ಡಿನಲ್ಲೂ ಪಾಠ ಮಾಡುತ್ತಿದ್ದೇನೆ. ಬಿಪಿ ನೋಡುವುದು, ಇಂಜೆಕ್ಷನ್ ಕೊಡುವುದು, ಡ್ರಿಪ್ ಕೊಡಲು ರಕ್ತನಾಳಕ್ಕೆ ಕ್ಯಾನುಲಾ ಅನ್ನುವ ಸಣ್ಣ ಕೊಳವೆ ಹಾಕುವುದು, ಗರ್ಭಿಣಿಯ ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಅಂತ ಹೇಳುವುದು, ಇದೇ ನನ್ನ ದಿನದ ಕೆಲಸ. ಈ ಮಕ್ಕಳನ್ನು ತಿದ್ದುವ ಕೆಲಸ ಈಗ ಮೆಲ್ಲಗೆ ಫೋನಿಗೆ ಹೋಗುತ್ತಿದೆ. ಅದಕ್ಕೇ ಈ ಪತ್ರ.

ಶುರುವಾದದ್ದು 2020ರಲ್ಲಿ. ಕೋವಿಡ್ ಬಂತು, ಕಾಲೇಜು ಮುಚ್ಚಿತು. ಮಕ್ಕಳು ಮನೆಯಲ್ಲಿ ತಲೆದಿಂಬಿನ ಮೇಲೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವುದು) ಮಾಡಿ ವಿಡಿಯೊ ಕಳಿಸಿದರು. ಅಣ್ಣನ ತೋಳಿಗೆ ದುಪಟ್ಟಾ ಸುತ್ತಿ ಬಿಪಿ ಯಂತ್ರದ ಪಟ್ಟಿ, ಅಂದರೆ ಕಫ್, ಕಟ್ಟುವುದನ್ನು ತೋರಿಸಿದರು. ನಾವು ರಾತ್ರಿ ಕೂತು ಒಂದೊಂದಕ್ಕೂ ಕಾಮೆಂಟ್ ಬರೆದೆವು. ಆಗ ಬೇರೆ ದಾರಿ ಇರಲಿಲ್ಲ. ಆದರೆ ಎಲ್ಲ ತೆರೆದ ಮೇಲೂ ನಾನು ಕಂಡ ಕಡೆ ಆ ಅಭ್ಯಾಸ ಹಾಗೇ ಉಳಿಯಿತು, ಯಾಕೆಂದರೆ ಟ್ಯೂಟರ್‌ಗಳು ಕಡಿಮೆ, ಮಕ್ಕಳು ಜಾಸ್ತಿ, ಮತ್ತು ವಿಡಿಯೊ ನೋಡಿ ಲಾಗ್‌ಬುಕ್‌ಗೆ (ಯಾವ ಕೆಲಸ ಕಲಿತರು ಅಂತ ದಾಖಲಿಸುವ ಪುಸ್ತಕ) ಸಹಿ ಹಾಕಿದರೆ ಯಾರೂ ಕೇಳುವುದಿಲ್ಲ.

ನಾನೂ ಹಾಗೆ ಸಹಿ ಹಾಕಿದ್ದೇನೆ. ಎರಡನೇ ವರ್ಷದ ಒಬ್ಬ ಹುಡುಗಿ ಬಿಪಿ ನೋಡುವ ವಿಡಿಯೊ ಕಳಿಸಿದ್ದಳು. ಕಫ್ ಸರಿಯಾದ ಜಾಗದಲ್ಲಿತ್ತು, ತೋಳು ಎದೆಯ ಮಟ್ಟಕ್ಕಿತ್ತು, ನಾಡಿ ಹಿಡಿದೇ ಗಾಳಿ ತುಂಬಿಸಿದಳು. 'ವೆರಿ ಗುಡ್' ಅಂತ ಬರೆದೆ. ಎರಡು ವಾರದ ನಂತರ ಮೆಡಿಕಲ್ ವಾರ್ಡಿನಲ್ಲಿ ಒಬ್ಬ ಅಜ್ಜಿಯ ಬಿಪಿ ನೋಡಿ ಮೇಲಿನ ಅಂಕಿ 138 ಅಂದಳು. ಗಾಳಿ ಬಿಡುವಾಗ ಮೊದಲ ಸದ್ದು ಕೇಳಿದ ಅಂಕಿ ಅದು. ಯಾಕೋ ಅನುಮಾನ ಬಂತು. ನನ್ನ ಬಳಿ ಇಬ್ಬರು ಒಟ್ಟಿಗೆ ಕೇಳುವಂಥ ಸ್ಟೆತಾಸ್ಕೋಪ್ ಒಂದಿದೆ, ಒಂದು ಬಿಲ್ಲೆಗೆ ಎರಡು ಜೊತೆ ಕಿವಿ. ಅದನ್ನು ಹಾಕಿಕೊಂಡು ಅವಳ ಜೊತೆ ಕೂತೆ. ಗಾಳಿ ಬಿಡುವ ಸ್ಕ್ರೂ ಮೇಲೆ ಅವಳ ಬೆರಳು, ಅದರ ಮೇಲೆ ನನ್ನ ಬೆರಳು. ಸೆಕೆಂಡಿಗೆ 2ರಿಂದ 3 ಮಿಲಿಮೀಟರ್ ಇಳಿಯುವ ಹಾಗೆ ಮೆಲ್ಲಗೆ ಬಿಟ್ಟೆವು. 164ರಲ್ಲಿ ತುಂಬಾ ಸಣ್ಣಗೆ ಒಂದು ಟಕ್. ನಾನು ಅವಳ ಮಣಿಕಟ್ಟು ತಟ್ಟಿದೆ. ಅವಳು ತಿರುಗಿ ನೋಡಿದಳು: "ಮೇಡಂ, ಇದೂ ಸದ್ದೇನಾ?"

ಇಷ್ಟು ದಿನ ಅವಳು ಆ ಸಣ್ಣ ಸದ್ದುಗಳನ್ನು ಬಿಟ್ಟು, ಜೋರಾಗಿ ಕೇಳಲು ಶುರುವಾದ ಅಂಕಿಯನ್ನು ಮಾತ್ರ ಲೆಕ್ಕ ಹಿಡಿಯುತ್ತಿದ್ದಳು. ಗಾಳಿಯನ್ನೂ ಸ್ವಲ್ಪ ಬೇಗ ಬಿಡುತ್ತಿದ್ದಳು. ಆ ವಿಡಿಯೊವನ್ನು ನಾನು ನೂರು ಸಲ ನೋಡಿದ್ದರೂ ಅವಳ ಕಿವಿಗೆ ಏನು ಬಿದ್ದಿತು ಅಂತ ನನಗೆ ಗೊತ್ತಾಗುತ್ತಿರಲಿಲ್ಲ. 138ಕ್ಕೂ 164ಕ್ಕೂ ನಡುವೆ ಒಬ್ಬ ಅಜ್ಜಿಯ ಚಿಕಿತ್ಸೆಯೇ ಬದಲಾಗಬಹುದು ಅಲ್ವಾ?

ಹೊಟ್ಟೆ ಮುಟ್ಟಿ ನೋಡುವುದೂ ಹಾಗೆಯೇ. ಬೆರಳಿನ ತುದಿಯಿಂದ ತಿವಿಯುತ್ತಿದ್ದಾಳೋ, ಅಂಗೈ ಬಳಸಿ ಮೆತ್ತಗೆ ಒತ್ತುತ್ತಿದ್ದಾಳೋ, ಕೈ ತಣ್ಣಗಿದೆಯೋ, ಆ ತಾಯಿ ಹಲ್ಲು ಕಚ್ಚಿಕೊಂಡಿದ್ದಾಳೋ, ಇದೆಲ್ಲ ಪಕ್ಕದಲ್ಲಿ ನಿಂತವರಿಗೇ ಗೊತ್ತಾಗುವುದು. ಅಕ್ಕಿಯಲ್ಲಿ ಅಕ್ಷರ ಬರೆಸುವಾಗ ಮಗುವಿನ ಬೆರಳು ಹಿಡಿದುಕೊಳ್ಳುತ್ತೇವಲ್ಲ, ಹಾಗೆ ಹಿಡಿಯಬೇಕಾದ ಕೆಲಸ ಇದು.

ಹಾಗಂತ ಆನ್‌ಲೈನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೈ ತೊಳೆಯುವ ವಿಡಿಯೊ ಮಾಡಿಸಿ ಅವರದನ್ನು ಅವರಿಗೇ ತೋರಿಸಿದರೆ, ಹೆಬ್ಬೆರಳು ತೊಳೆಯುವುದನ್ನು ಬಿಟ್ಟದ್ದು ಅವರಿಗೇ ಕಾಣುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ. ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪೋಸ್ಟಿಂಗ್ ಹೋದ ಮಕ್ಕಳಿಗೆ ಅದೇ ಸಂಜೆ ಉತ್ತರ ಸಿಗುತ್ತದೆ. ಬರೆದ ಮಾತು ಉಳಿಯುತ್ತದೆ, ಪರೀಕ್ಷೆಗೆ ಮುಂಚೆ ಮತ್ತೆ ಓದಿಕೊಳ್ಳುತ್ತಾರೆ. ಸಿಪಿಆರ್ ವಿಷಯದಲ್ಲಂತೂ ಸೆನ್ಸರ್ ಇರುವ ಬೊಂಬೆ ನನಗಿಂತ ಚೆನ್ನಾಗಿ ಹೇಳುತ್ತದೆ. 5ರಿಂದ 6 ಸೆಂಟಿಮೀಟರ್ ಒತ್ತಿದರೋ ಇಲ್ಲವೋ, ನಿಮಿಷಕ್ಕೆ 100ರಿಂದ 120 ಆಯಿತೋ ಇಲ್ಲವೋ ಅನ್ನುವುದನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ.

ಎದುರಿಗೆ ನಿಂತು ತಿದ್ದುವುದರಲ್ಲೂ ತಪ್ಪಾಗುತ್ತದೆ. ರೋಗಿಯ ಮುಂದೆಯೇ "ಇಷ್ಟೂ ಬರಲ್ವಾ ನಿನಗೆ?" ಅಂತ ಗದರುವುದನ್ನು ನಾವು ನಮ್ಮ ಮೇಡಂಗಳಿಂದ ಕಲಿತೆವು, ನಮ್ಮ ಮಕ್ಕಳ ಮೇಲೂ ಅದನ್ನೇ ಮಾಡಿದೆವು. ಹಾಗೆ ಗದರಿಸಿಕೊಂಡ ಒಬ್ಬ ಹುಡುಗ ಆಮೇಲೆ ಒಂದು ತಿಂಗಳು ಸೂಜಿ ಮುಟ್ಟಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದ್ದರೆ ಸಾಕಿತ್ತು. ತಿದ್ದುವುದು ಹೇಗೆ ಅಂತ ಟ್ಯೂಟರ್‌ಗಳಿಗೂ ಯಾರಾದರೂ ಕಲಿಸಬೇಕು ಸಾರ್.

ಈಗ ನಿಮ್ಮಿಂದ ಏನಾಗಬೇಕು ಅನ್ನುವುದಕ್ಕೆ ಬರುತ್ತೇನೆ.

ಲಾಗ್‌ಬುಕ್ ವಿಷಯವನ್ನು ದಯವಿಟ್ಟು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆ ಮಾತಾಡಿ. 2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂತು. ಅದರ ಮಾದರಿ ಲಾಗ್‌ಬುಕ್‌ನಲ್ಲಿ ಫೀಡ್‌ಬ್ಯಾಕ್ ಸಿಕ್ಕಿದ್ದಕ್ಕೆ ವಿದ್ಯಾರ್ಥಿಯೂ ಸಹಿ ಹಾಕುವ ಕಾಲಂ ಇದೆ. ಒಳ್ಳೆಯದು. ಆ ಫೀಡ್‌ಬ್ಯಾಕ್ ಎಲ್ಲಿ ಸಿಕ್ಕಿತು, ರೋಗಿಯ ಮಂಚದ ಪಕ್ಕದಲ್ಲೋ ಫೋನಿನಲ್ಲೋ, ಅದನ್ನೂ ಬರೆಸಿ. ಇಂಥ ಕಾಲಂ ನರ್ಸಿಂಗ್ ಲಾಗ್‌ಬುಕ್‌ಗೂ ಬರಲಿ. ರೋಗಿಯ ಮೈ ಮುಟ್ಟುವ ಯಾವ ಕೆಲಸಕ್ಕೂ ಬರೀ ವಿಡಿಯೊ ನೋಡಿ ಸಹಿ ಹಾಕುವ ಹಾಗಿಲ್ಲ ಅಂತ ಒಂದು ಸಾಲಿನ ಆದೇಶ ಹೊರಡಿಸಿದರೆ ಸಾಕು.

ಹಾಗೆ ಆದೇಶ ಹೊರಡಿಸಿ ಟ್ಯೂಟರ್‌ಗಳನ್ನು ಕೊಡದಿದ್ದರೆ ಸಹಿ ಸುಳ್ಳಾಗುತ್ತದೆ ಅಷ್ಟೆ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಇರಬೇಕು ಎನ್ನುವುದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮ. ಒಂದು ಮಂಚದ ಸುತ್ತ ಮೂವತ್ತು ಮಕ್ಕಳನ್ನು ನಿಲ್ಲಿಸಿಕೊಂಡು ನಾನು ಪಾಠ ಮಾಡಿದ್ದೇನೆ. ಹಿಂದಿನ ಸಾಲಿನವರಿಗೆ ರೋಗಿಯ ಕಾಲು ಮಾತ್ರ ಕಾಣುತ್ತಿತ್ತು. ಆ ಮಕ್ಕಳಿಗೆ ವಿಡಿಯೊವೇ ಎಷ್ಟೋ ವಾಸಿ ಅನ್ನಿಸಿದರೆ ತಪ್ಪು ಅವರದಲ್ಲ. ಖಾಲಿ ಹುದ್ದೆಗಳನ್ನು ತುಂಬಿ.

ಇನ್ನೊಂದು ಮಾತು, ಇದು ತುರ್ತು. ವಾರ್ಡಿನಲ್ಲಿ ರೋಗಿಯ ಮೇಲೆ ಮಾಡುವ ಕೆಲಸವನ್ನು ಮಕ್ಕಳು ತಮ್ಮ ಫೋನಿನಲ್ಲಿ ವಿಡಿಯೊ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವುದನ್ನು ನಿಲ್ಲಿಸಿ. ಹೊಟ್ಟೆ ಬಿಟ್ಟುಕೊಂಡು ಮಲಗಿದ ಬಸುರಿ ಹೆಂಗಸು ನಮ್ಮ ಮಕ್ಕಳನ್ನು ನಂಬಿ ಮಲಗಿರುತ್ತಾಳೆ. ಆ ಗುಂಪಿನಲ್ಲಿ ಯಾರ್ಯಾರು ಇದ್ದಾರೆ ಅಂತ ಅವಳಿಗೇನು ಗೊತ್ತು? ವಿಡಿಯೊ ಬೇಕಿದ್ದರೆ ಬೊಂಬೆಯ ಮೇಲೆ ಮಾಡಲಿ, ಸ್ನೇಹಿತರ ತೋಳಿನ ಮೇಲೆ ಮಾಡಲಿ.

ಮತ್ತೆ ಆ ಎರಡು ಜೊತೆ ಕಿವಿಯ ಸ್ಟೆತಾಸ್ಕೋಪ್. ನನ್ನದು ನಾನೇ ದುಡ್ಡು ಕೊಟ್ಟು ತಂದದ್ದು. ಪ್ರತಿ ವಾರ್ಡ್ ಪೋಸ್ಟಿಂಗ್ ಬ್ಯಾಚಿಗೂ ಒಂದೊಂದು ಕೊಡಿಸಿ ಸಾರ್, ದೊಡ್ಡ ಖರ್ಚೇನಲ್ಲ.

ಇಂತಿ,
ಒಬ್ಬ ನರ್ಸಿಂಗ್ ಟ್ಯೂಟರ್