ಈಸಾ, ಯೇಸು: ಓದಿ ಮಾತಾಡೋಣ

ಮಾನ್ಯರೇ,

ಬೈಬಲನ್ನು ತಿದ್ದಿದ್ದಾರೆ ಎಂದು ಪಕ್ಕದ ಮನೆಯ ಮುಸ್ಲಿಂ ಗೆಳತಿ ಹೇಳುತ್ತಾರೆ. ಕುರ್‌ಆನಿಗೆ ಯೇಸು ಗೊತ್ತೇ ಇಲ್ಲ ಎನ್ನುತ್ತಾರೆ ನಮ್ಮ ಚರ್ಚಿನ ಕೆಲವರು. ಎರಡನ್ನೂ ಕೇಳಿ ಬೇಸರವಾಗುತ್ತದೆ. ಕುರ್‌ಆನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್, ಅಂದರೆ ಯೇಸುವಿನ ತಾಯಿ ಮರಿಯ. ಕನ್ಯೆಯ ಮಗ ಈಸಾ (ಯೇಸುವಿಗೆ ಅಲ್ಲಿನ ಹೆಸರು) ಕುರ್‌ಆನಿನಲ್ಲಿ ಮಸೀಹ (ಅಭಿಷಿಕ್ತ), ಪ್ರವಾದಿ, ದೇವರ ಮಗನಲ್ಲ. ಶಿಲುಬೆಯ ಸಾವನ್ನು 4ನೇ ಅಧ್ಯಾಯ ಒಪ್ಪುವುದಿಲ್ಲ. ನಮಗೋ ಆ ಸಾವು, ಪುನರುತ್ಥಾನವೇ ನಂಬಿಕೆಯ ಬುಡ. ಈ ಭೇದವನ್ನು ಸುಮ್ನೆ ಮುಚ್ಚಿಡಬಾರದು.

ಇನ್ನು ತಿದ್ದಿದ ಮಾತು. ಸಿನೈಟಿಕಸ್ ಎಂಬ 4ನೇ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿಯಲ್ಲಿ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ನನ್ನ ಬೈಬಲಿನಲ್ಲಿ ಮುಂದಿನ 12 ವಚನಗಳೂ ಇವೆ; ಹಳೆಯ ಪ್ರತಿಯಲ್ಲಿ ಅವಿಲ್ಲ ಎಂಬುದನ್ನು ಅವುಗಳ ಕೆಳಗೇ ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ತಿದ್ದಿ ಮುಚ್ಚಿಡುವವರು ಹೀಗೆ ಹೇಳಿಕೊಳ್ಳುವುದಿಲ್ಲ, ಅಲ್ವಾ? ಎರಡೂ ಕಡೆಯವರು ವಾದಕ್ಕಿಳಿಯುವ ಮೊದಲು ಈ ಪುಟಗಳನ್ನು ದಯವಿಟ್ಟು ಓದಲಿ.

– ನಿವೃತ್ತ ಶಿಕ್ಷಕಿ, ಮಂಗಳೂರು